ಕಾಡುಕೋಳಿ ಕೂಗಿತು, ಕಾಣಲಿಲ್ಲ

ಮಕ್ಕಳೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕೋಳಿ ಸಾಕಿದ್ದರೆ ಒಮ್ಮೆ ಅದರ ಕಾಲು ನೋಡಿ. ಬಹಳಷ್ಟು ಕೋಳಿಗಳ ಕಾಲು ಅರಿಸಿನ ಬಳಿದಂತೆ ಹಳದಿ. ಈ ಅರಿಸಿನ ಅವಕ್ಕೆ ಎಲ್ಲಿಂದ ಬಂತು, ಗೊತ್ತೇ?

ಪ್ರಪಂಚದ ಊರಕೋಳಿಗಳ ಮುಖ್ಯ ಮೂಲ ಕೆಂಪು ಕಾಡುಕೋಳಿ. ಅದು ನಮ್ಮ ಕಡೆಯ ಹಕ್ಕಿಯಲ್ಲ. ಹಿಮಾಲಯದ ತಪ್ಪಲು, ಈಶಾನ್ಯ ಭಾರತ, ಅಲ್ಲಿಂದ ಮುಂದೆ ಆಗ್ನೇಯ ಏಷ್ಯಾ ಅದರ ನೆಲೆ. ಎಲ್ಲ ಊರಕೋಳಿಯೂ ಅದೊಂದರಿಂದಲೇ ಬಂದದ್ದು ಎಂದು ಚಾರ್ಲ್ಸ್ ಡಾರ್ವಿನ್ ಕೂಡ ನಂಬಿದ್ದರು. ಆದರೆ 2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು ಕೋಳಿಯ ಹಳದಿ ಚರ್ಮಕ್ಕೆ ಕಾರಣವಾದ ಜೀನನ್ನು ಪರೀಕ್ಷಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು. ಆ ಜೀನು ಕೆಂಪು ಕಾಡುಕೋಳಿಯದಾಗಿರಲಿಲ್ಲ. ಅದು ಬೂದು ಕಾಡುಕೋಳಿಯಿಂದ ಬಂದಿತ್ತು. ಬೂದು ಕಾಡುಕೋಳಿ ಇರುವುದು ಭಾರತದಲ್ಲಿ ಮಾತ್ರ. ಅದರಲ್ಲೂ ನಮ್ಮ ಪಶ್ಚಿಮ ಘಟ್ಟ ಅದರ ತವರು. ಎಂದರೆ ಪ್ಯಾರಿಸ್ಸಿನ ಅಂಗಳದಲ್ಲಿ ಕೆದಕುವ ಕೋಳಿಯ ಹಳದಿ ಕಾಲಿಗೂ ನಮ್ಮ ಶಿರಸಿ, ಸಿದ್ದಾಪುರದ ಕಾನಿನಲ್ಲಿ ಕೂಗುವ ಹುಂಜಕ್ಕೂ ನೆಂಟಸ್ತಿಕೆ ಇದೆ!

ಈ ನೆಂಟನನ್ನು ಕಣ್ಣಾರೆ ನೋಡಬೇಕೆಂದು ಕಳೆದ ವಸಂತದಲ್ಲಿ ನಾನು ಮತ್ತು ಐದನೇ ತರಗತಿಯ ಪರೀಕ್ಷೆ ಮುಗಿಸಿದ್ದ ನನ್ನ ಮೊಮ್ಮಗಳು ಮೂರು ಬೆಳಗು ಕಾಡಂಚು ಸುತ್ತಿದೆವು. ಒಂದು ದಿನ ಶಿರಸಿಯ ಕಡೆ, ಒಂದು ದಿನ ಸಿದ್ದಾಪುರದ ಕಡೆ, ಒಂದು ದಿನ ಯಲ್ಲಾಪುರದ ಕಡೆ. ಜೊತೆಗೆ, ಹಕ್ಕಿ ತೋರಿಸುವುದನ್ನೇ ವೃತ್ತಿ ಮಾಡಿಕೊಂಡ ಸಿದ್ದಾಪುರದ ಒಬ್ಬ ಯುವಕ. ಫಲಿತಾಂಶವನ್ನು ಮೊದಲೇ ಹೇಳಿಬಿಡುತ್ತೇನೆ: ಕೋಳಿ ಕಾಣಲಿಲ್ಲ. ಒಂದು ಫೋಟೋ ಸಿಗಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದೆವು. ಆದರೂ ಈ ವಯಸ್ಸಿನಲ್ಲಿ ಇಷ್ಟು ಸಂತೋಷದ ಮೂರು ದಿನ ನನಗೆ ಸಿಕ್ಕಿದ್ದಿಲ್ಲ. ಅದು ಹೇಗೆ ಎಂಬುದೇ ಈ ಬರಹ.

ಕೋವಿ ಇಲ್ಲದ ಬೇಟೆ

ಅಮೆರಿಕದಲ್ಲಿ ವಸಂತ ಬಂತೆಂದರೆ ಟರ್ಕಿ ಕೋಳಿಯ ಬೇಟೆ ಶುರು. ಟರ್ಕಿ, ಕಾಡುಕೋಳಿ, ನವಿಲು ಎಲ್ಲ ಒಂದೇ ಕುಟುಂಬದ ಹಕ್ಕಿಗಳು. ಬೇಟೆಗಾರ ಲೈಸೆನ್ಸ್ ಪಡೆದು, ಅನುಭವಿ ಮಾರ್ಗದರ್ಶಿಯನ್ನು ಕರೆದುಕೊಂಡು, ಕತ್ತಲಿರುವಾಗಲೇ ಕಾಡಿಗೆ ಹೋಗಿ ಮರಕ್ಕೆ ಬೆನ್ನು ಕೊಟ್ಟು ಅಲುಗದೆ ಕೂರುತ್ತಾನೆ. ಹೆಣ್ಣು ಟರ್ಕಿಯ ಕೂಗನ್ನು ಅನುಕರಿಸಿ ಗಂಡನ್ನು ಹತ್ತಿರಕ್ಕೆ ಕರೆಯುತ್ತಾನೆ. ಗಂಡು ದೂರದಿಂದ ಗುಳುಗುಳು ಎಂದು ಉತ್ತರ ಕೊಡುತ್ತದೆ, ಆದರೆ ಅನೇಕ ಸಲ ಬರುವುದೇ ಇಲ್ಲ. ಬಹಳ ಮಂದಿ ಬರಿಗೈಯಲ್ಲಿ ಮರಳುತ್ತಾರೆ, ಮರುವರ್ಷ ಮತ್ತೆ ಹೋಗುತ್ತಾರೆ. ಕಳೆದ ಶತಮಾನದ ಆರಂಭದಲ್ಲಿ ಅಲ್ಲಿ ಕಾಡು ಟರ್ಕಿ ಅನೇಕ ರಾಜ್ಯಗಳಿಂದ ಮಾಯವೇ ಆಗಿತ್ತು. ಬೇಟೆಗೆ ಕಟ್ಟುನಿಟ್ಟು ಮಾಡಿ, ಲೈಸೆನ್ಸಿನ ಹಣವನ್ನೂ 1937ರಿಂದ ಬಂದೂಕು ಮತ್ತು ಮದ್ದುಗುಂಡಿನ ತೆರಿಗೆಯನ್ನೂ ಬಳಸಿ, ಹಕ್ಕಿಗಳನ್ನು ಹಿಡಿದು ಹೊಸ ಕಾಡುಗಳಿಗೆ ಬಿಟ್ಟು, ಮತ್ತೆ ಲಕ್ಷಗಟ್ಟಲೆ ಆಗುವಂತೆ ಮಾಡಿದರು.

ನಮ್ಮ ದೇಶದ ದಾರಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಲ್ಲಿ ಕಾಡುಕೋಳಿಗೆ ಕೋವಿ ತೋರಿಸಿದರೆ ಜೈಲು. ಅದು ಸರಿಯೇ. ಆದರೆ ಕತ್ತಲಲ್ಲಿ ಏಳುವುದು, ಸದ್ದಿಲ್ಲದೆ ನಡೆಯುವುದು, ಉಸಿರು ಬಿಗಿಹಿಡಿದು ಕಾಯುವುದು, ಇದನ್ನು ಯಾವ ಕಾಯ್ದೆಯೂ ತಡೆದಿಲ್ಲ. ಬೇಟೆಯಿಂದ ಕೋವಿಯನ್ನು ಕಳೆದರೆ ಉಳಿಯುವುದು ಅಷ್ಟೂ ನಮ್ಮದೇ. ನಮ್ಮ ಪೂರ್ಣಚಂದ್ರ ತೇಜಸ್ವಿಯವರೂ ಮೊದಲು ಕೋವಿ ಹಿಡಿದು ಮೂಡಿಗೆರೆಯ ಕಾಡು ಅಲೆದವರೇ; ಆಮೇಲೆ ಅದೇ ತಾಳ್ಮೆಯಿಂದ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಹೋದರು.

ವಸಂತವೇ ಏಕೆ ಎಂದು ಮೊಮ್ಮಗಳು ಕೇಳಿದಳು. ಕಾಡುಕೋಳಿ ಗೂಡು ಮಾಡುವುದು ಹೆಚ್ಚಾಗಿ ಫೆಬ್ರವರಿಯಿಂದ ಮೇವರೆಗೆ. ಹುಂಜ ತನ್ನ ಜಾಗ ಸಾರಿಕೊಳ್ಳಲು ಬೆಳಗ್ಗೆ, ಸಂಜೆ ಕೂಗುವುದು ಆಗಲೇ. ಮಳೆಗಾಲ ಹಿಡಿಯಿತೆಂದರೆ ಕುತ್ತಿಗೆಯ ಚಂದದ ಗರಿಗಳೆಲ್ಲ ಉದುರಿ, ಮಂಕಾದ ಗರಿ ಬಂದು, ಹುಂಜ ಬಾಯಿಮುಚ್ಚಿ ಪೊದೆ ಸೇರುತ್ತದೆ. ಈ ವಸಂತ ತಪ್ಪಿದರೆ ಮುಂದಿನ ವಸಂತದವರೆಗೆ ಕಾಯಬೇಕು. ಹತ್ತು ವರ್ಷದವರಿಗೆ ಅದು ಏನೂ ಅಲ್ಲ. ಎಪ್ಪತ್ತೈದರವರಿಗೆ ಅದೊಂದು ಲೆಕ್ಕವೇ.

ಮೊದಲ ಬೆಳಗು: ಸಾಲ್ಕಣಿಯ ಕಡೆ

ಶಿರಸಿಯಿಂದ ಐದು ಗಂಟೆಗೇ ಹೊರಟೆವು. ಮಾರ್ಚ್ ಕೊನೆಯಾದರೂ ಬೆಳಗಿನ ಜಾವ ಶಾಲು ಬೇಕಾಗುವಷ್ಟು ಚಳಿ. ಮಾರ್ಗದರ್ಶಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಮೊಮ್ಮಗಳ ಕೆಂಪು ಟೋಪಿ ತೆಗೆಸಿ, ತನ್ನ ಹಸಿರು ಟವೆಲ್ಲು ಕಟ್ಟಿದ. "ಮಾತು ಬೇಡ, ಕೈ ತೋರಿಸೋದು ಬೇಡ. ಮೊದಲು ಕಿವಿ, ಆಮೇಲೆ ಕಣ್ಣು" ಎಂದ.

ಅವನು ನಮ್ಮನ್ನು ಕೂರಿಸಿದ್ದು ಒಂದು ಸೊಪ್ಪಿನ ಬೆಟ್ಟದ ಅಂಚಿನಲ್ಲಿ. ಘಟ್ಟದ ಮೇಲಿನ ನಮ್ಮ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟಿರುವ ಪದ್ಧತಿ ಬ್ರಿಟಿಷರ ಕಾಲದಿಂದ ಇದೆ. ಅಲ್ಲಿಯ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಬೇಸಿಗೆಯಲ್ಲಿ ಬಿದ್ದ ದರಕು, ಅಂದರೆ ತರಗೆಲೆ, ಗುಡಿಸಿ ಒಯ್ಯುತ್ತಾರೆ. ಕಾಡುಕೋಳಿಗೂ ಬೇಕಾದದ್ದು ಇದೇ ದರಕು. ಎಲೆಯ ಕೆಳಗೆ ಗೆದ್ದಲು, ಹುಳು, ಉದುರಿದ ಬೀಜ ಎಲ್ಲ ಇರುತ್ತದೆ. ಪೂರ್ತಿ ಗುಡಿಸಿದ ಬೆಟ್ಟದಲ್ಲಿ ಕೋಳಿಗೆ ಕೆಲಸವಿಲ್ಲ. "ಇವರು ಬೆಟ್ಟದ ಕೆಳ ಅಂಚನ್ನು ಗುಡಿಸದೆ ಬಿಟ್ಟಿದ್ದಾರೆ, ಅದಕ್ಕೇ ಇಲ್ಲಿ ಕೂರಿಸಿದ್ದು" ಎಂದು ಮಾರ್ಗದರ್ಶಿ ಕಿವಿಯಲ್ಲಿ ಹೇಳಿದ.

ಮೂಡಣ ಬೆಳ್ಳಗಾಗುತ್ತಿದ್ದಂತೆ ಮೊದಲು ಕೇಳಿದ್ದು ಕುಟ್ರುಹಕ್ಕಿಯ ಕುಟ್ರು ಕುಟ್ರು. ಆಮೇಲೆ ಕೋಗಿಲೆ. ಆಮೇಲೆ, ಬಲಗಡೆಯ ಇಳಿಜಾರಿನಿಂದ, ರೆಕ್ಕೆ ಬಡಿದ ಸದ್ದು, ಅದರ ಬೆನ್ನಿಗೇ ಒಡೆದ ಗಂಟಲಿನ ಒಂದು ಕೂಗು: ಕುಕ್, ಕಾಯ, ಕಾಯ, ಕುಕ್!

ಊರಹುಂಜದ ಕೂಗಿಗೆ ಕೊನೆಯಲ್ಲಿ ಒಂದು ಉದ್ದದ ಎಳೆತ ಇದೆ. ಇದಕ್ಕೆ ಇಲ್ಲ. ತುಂಡು ತುಂಡು, ಕೊನೆಗೆ ಥಟ್ಟನೆ ನಿಂತುಬಿಡುತ್ತದೆ. ಹತ್ತಿರವಿದ್ದರೆ ಕೂಗಿನ ನಂತರ ಗಂಟಲಲ್ಲೇ ಗೊಣಗುವುದೂ ಕೇಳುತ್ತದೆ. ಮೊಮ್ಮಗಳು ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ಅಜ್ಜ, ಅದು 'ಯಾಕ್ ಕಾಯ್ತಾ ಕೂತೆ' ಅಂತ ಕೇಳ್ತಾ ಇದೆ!" ನಗು ತಡೆದುಕೊಳ್ಳುವುದು ನನಗೇ ಕಷ್ಟವಾಯಿತು. ಆ ಕ್ಷಣದಿಂದ ಅವಳು ಈ ಕೂಗನ್ನು ಮರೆಯಲಾರಳು ಎಂದು ನನಗೆ ಗೊತ್ತಾಯಿತು.

ಒಂದೂವರೆ ಗಂಟೆ ಕೂತೆವು. ಹುಂಜ ಮೂರು ಸಲ ಕೂಗಿತು. ಪ್ರತಿಸಲವೂ ಬೇರೆ ಜಾಗದಿಂದ. ಒಮ್ಮೆ ದರಕು ಕೆದಕುವ ಸರಸರ ಸದ್ದು ಇಪ್ಪತ್ತು ಮಾರು ದೂರಕ್ಕೆ ಬಂದು ನಿಂತಿತು. ನಾವು ಮೂವರೂ ಕಲ್ಲಾದೆವು. ಪೊದೆ ಅಲುಗಿತು. ಹೊರಬಂದದ್ದು ಒಂದು ಮುಂಗುಸಿ! ಅದು ನಮ್ಮನ್ನು ನೋಡಿ, ನಿಂತು, ಯೋಚಿಸಿ, ಬಂದ ದಾರಿಯಲ್ಲೇ ಹೋಯಿತು. ಆಮೇಲೆ ಬೆಟ್ಟ ತಣ್ಣಗಾಯಿತು.

ಎದ್ದು ನಡೆಯುವಾಗ ನಾನು ಮೊಮ್ಮಗಳಿಗೆ ಸಾಲ್ಕಣಿಯ ಹೆಸರಿನ ಮಹಿಮೆ ಹೇಳಿದೆ. 1983ರ ಸೆಪ್ಟೆಂಬರ್ 8ರಂದು ಈ ಊರಿನವರು ಕಳಸೆ ಕಾಡಿಗೆ ಹೋಗಿ, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಅದೇ ಅಪ್ಪಿಕೊ ಚಳವಳಿ. ಉತ್ತರಾಖಂಡದ ಚಿಪ್ಕೊ ಅದಕ್ಕೆ ಸ್ಫೂರ್ತಿ, ಪಾಂಡುರಂಗ ಹೆಗಡೆಯವರು ಮುಂದಾಳು. ಆಗ ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ಪತ್ರಿಕೆಯಲ್ಲಿ ಓದಿದವನು ಅಷ್ಟೇ. ಆದರೆ ಅಪ್ಪಿ ನಿಂತವರ ಮೊಮ್ಮಕ್ಕಳು ಇವತ್ತು ಶಾಲೆಗೆ ಹೋಗುತ್ತಿದ್ದಾರೆ. ಅವರ ಕಿವಿಗೂ ಇದೇ ಕೂಗು ಬೀಳುತ್ತದೆ. ಮೊಮ್ಮಗಳು ದಾರಿಬದಿಯ ಒಂದು ಮತ್ತಿ ಮರವನ್ನು ಅಪ್ಪಿ ನೋಡಿದಳು. ಅವಳ ಎರಡು ಕೈ ಅರ್ಧ ಸುತ್ತಿಗೂ ಬರಲಿಲ್ಲ. ನಾನೂ ಆಚೆಯಿಂದ ಅಪ್ಪಿದೆ. ಬೆರಳು ತಾಗಿತು.

ಎರಡನೆಯ ಬೆಳಗು: ಅಘನಾಶಿನಿಯ ಕಣಿವೆ

ಸಿದ್ದಾಪುರದ ಕಡೆ ಕಾಡಿನ ಬಣ್ಣವೇ ಬೇರೆ. ಇಲ್ಲಿ ಕಾನು, ಎಂದರೆ ಬೇಸಿಗೆಯಲ್ಲೂ ಎಲೆ ಉದುರಿಸದ ದಟ್ಟ ಹಸಿರು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕಿ ಈ ಕಣಿವೆಯಲ್ಲಿ ಹರಿಯುತ್ತಾಳೆ. ಅವಳ ಹರಿವಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಸಿಂಗಳೀಕಗಳು ಇರುವುದರಿಂದ 2011ರಲ್ಲಿ ಸರ್ಕಾರ ಈ ಕಣಿವೆಯ ಕಾಡನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು. ನಾವು ಒಳಗೆ ಹೋಗಲಿಲ್ಲ. ಊರ ರಸ್ತೆ, ತೋಟದ ಏರಿ, ಗದ್ದೆಯ ಅಂಚು, ಇಷ್ಟೇ ನಮ್ಮ ಮಿತಿ.

ಅವತ್ತು ಏಳು ಕೂಗು ಕೇಳಿದವು. ಎರಡು ಹುಂಜ ಎದುರುಬದುರು ದಿಬ್ಬದಲ್ಲಿ ನಿಂತು ಸವಾಲ್ ಜವಾಬ್ ನಡೆಸಿದ್ದವು. ಮಾರ್ಗದರ್ಶಿ ಒಂದು ಗುಳಿ ತೋರಿಸಿದ. ಒಣಮಣ್ಣಿನಲ್ಲಿ ಬಟ್ಟಲಿನಂತೆ ತಗ್ಗು, ನುಣುಪು ಹುಡಿ, ಅಂಚಿನಲ್ಲಿ ಮೂರು ಬೆರಳಿನ ಹೆಜ್ಜೆ. ಕಾಡುಕೋಳಿಯ ಬಚ್ಚಲುಮನೆ! ಹಕ್ಕಿ ಇಲ್ಲಿ ಮಣ್ಣಿನಲ್ಲಿ ಹೊರಳಿ ಗರಿಯ ಹೇನು ಉದುರಿಸಿಕೊಳ್ಳುತ್ತದೆ. ಮೊಮ್ಮಗಳು ಹೆಜ್ಜೆಯ ಪಕ್ಕದಲ್ಲಿ ತನ್ನ ಪೆನ್ಸಿಲ್ ಇಟ್ಟು ಅಳೆದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಳು.

ಅವಳಿಗೆ ಒಂದು ಆಸೆ ಹುಟ್ಟಿತು. "ಮೊಬೈಲಿನಲ್ಲಿ ಕೋಳಿಯ ಕೂಗು ಹಾಕಿದರೆ ಅದು ಬರೋದಿಲ್ಲವಾ?" ಮಾರ್ಗದರ್ಶಿ ಉತ್ತರ ಕೊಡುವ ಬದಲು ನಮ್ಮನ್ನು ತನ್ನ ಮನೆಗೆ ಕರೆದೊಯ್ದ. ಜಗುಲಿಯಲ್ಲಿ ಅವನ ಅಜ್ಜ ಕವಳ ಹಾಕುತ್ತಾ ಕೂತಿದ್ದರು. ನನಗಿಂತ ಹತ್ತು ವರ್ಷಕ್ಕೆ ಹಿರಿಯರು. ಅವರು ಹರೆಯದಲ್ಲಿ ಉರುಲು ಹಾಕಿ ಕಾಡುಕೋಳಿ ಹಿಡಿದವರು. ಸಾಕಿದ ಹುಂಜವೊಂದನ್ನು ಕಟ್ಟಿ ಕೂಗಿಸಿ, ಜಗಳಕ್ಕೆ ಬಂದ ಕಾಡುಹುಂಜವನ್ನು ಹಿಡಿಯುವುದು ಆಗಿನ ಉಪಾಯ. ಕಾಡಿನ ಮೃಗಪಕ್ಷಿಗಳನ್ನು ಹೀಗೆ ಸೆಳೆಯಲು ಇಡುವ ಸಾಕುಪ್ರಾಣಿಗೆ ಕನ್ನಡದಲ್ಲಿ 'ದೀವ' ಎಂಬ ಹಳೆಯ ಹೆಸರೇ ಇದೆ.

"ನೀವು ಕೂಗಿ ಕರೀತೀರಂತೆ, ಹೌದಾ?" ಎಂದು ಮೊಮ್ಮಗಳು ಕೇಳಿದಳು. ಅಜ್ಜ ಕವಳ ಉಗುಳಿ, ಎರಡು ಅಂಗೈ ಸೇರಿಸಿ ಬಾಯಿಗಿಟ್ಟು, ಹೇಂಟೆಯ ದನಿ ತೆಗೆದರು. ಮನೆಯ ಅಂಗಳದಲ್ಲಿದ್ದ ಊರಹುಂಜ ತಲೆ ಎತ್ತಿ ಗಾಬರಿಯಿಂದ ಸುತ್ತ ನೋಡಿತು! ಎಲ್ಲರೂ ನಕ್ಕೆವು.

"ಕಾಡಿನಲ್ಲಿ ಒಮ್ಮೆ ಕೂಗಿ ತೋರಿಸ್ತೀರಾ?"

"ಇಲ್ಲ ಮಗಾ" ಎಂದರು ಅಜ್ಜ. "ಕೂಗಿದ್ರೆ ಬರ್ತದೆ. ಆದ್ರೆ ಈಗ ಮೊಟ್ಟೆ ಇಡೋ ಹೊತ್ತು. ಬೇರೆ ಕೋಳಿ ಬಂತು ಅಂತ ಹುಂಜ ಮೇವು ಬಿಟ್ಟು ಓಡಿ ಬರ್ತದೆ, ಹುಡುಕ್ತದೆ, ಸಿಗೋದಿಲ್ಲ. ಸುಳ್ಳು ಹೇಳಿ ಕರೀಬಾರದು. ಆಗ ಹೊಟ್ಟೆಗೆ ಅಂತ ಕರೀತಿದ್ದೆ. ಈಗ ಯಾತಕ್ಕೆ?"

ಮೊಬೈಲಿನ ಪ್ರಶ್ನೆಗೆ ಉತ್ತರ ಅದೇ ಆಗಿತ್ತು. ಮೊಮ್ಮಗಳು ಫೋನನ್ನು ಚೀಲಕ್ಕೆ ಹಾಕಿದಳು. ಮೂರನೆಯ ದಿನ ಮುಗಿಯುವ ತನಕ ಅದನ್ನು ತೆಗೆಯಲಿಲ್ಲ.

ಒಂದು ಗರಿಯ ಕತೆ

ಅಜ್ಜನ ಮನೆಯಿಂದ ರಸ್ತೆಗೆ ಬರುವ ಕಾಲುದಾರಿಯಲ್ಲಿ ನಮಗೆ ಸಿಕ್ಕಿದ್ದು ಒಂದು ಗರಿ. ಬೆರಳುದ್ದದ್ದು. ಕಪ್ಪು ಮಿಶ್ರಿತ ಬೂದು, ನಡುವೆ ಬಿಳಿ ಚುಕ್ಕೆ, ತುದಿಯಲ್ಲಿ ಹೊಳೆಯುವ ಹಳದಿ ಹನಿ. ಬ್ಯಾಂಕಿನಲ್ಲಿ ನಾವು ನಗದು ಚೀಲದ ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದೆವು. ಆ ಅರಗಿನ ಒಂದು ಹನಿ ಗರಿಯ ಮೇಲೆ ಬಿದ್ದು ಗಟ್ಟಿಯಾದಂತಿತ್ತು. ಅದು ಬಣ್ಣವಲ್ಲ, ಗರಿಯ ನಡುದಂಟೇ ಅಲ್ಲಿ ಚಪ್ಪಟೆಯಾಗಿ ಅಗಲವಾಗಿ ಗಟ್ಟಿ ತಗಡಿನಂತಾಗಿರುತ್ತದೆ. ಇಂಥ ಗರಿ ಬೇರೆ ಯಾವ ಕಾಡುಕೋಳಿಗೂ ಇಲ್ಲ. ಬೂದು ಹುಂಜದ ಕುತ್ತಿಗೆಗೆ ಮಾತ್ರ.

ಮೊಮ್ಮಗಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಕುಣಿದಳು. "ಕೋಳಿ ಸಿಗದಿದ್ದರೇನು, ಗರಿ ಸಿಕ್ಕಿತು! ನನ್ನ ಪುಸ್ತಕದೊಳಗೆ ಇಡ್ತೇನೆ."

ಮಾರ್ಗದರ್ಶಿ ಮೆತ್ತಗೆ "ಇಡುವ ಹಾಗಿಲ್ಲ ಪುಟ್ಟಿ" ಎಂದ. ಅವಳ ಮುಖ ಬಾಡಿತು. "ಬಿದ್ದಿದ್ದು ತಾನೇ? ನಾವೇನು ಕಿತ್ತಿದ್ದಲ್ಲ!"

ನ್ಯಾಯವಾದ ಪ್ರಶ್ನೆಯೇ. ದಾರಿಬದಿಯ ಕಟ್ಟೆಯ ಮೇಲೆ ಕೂತು ನಾನು ಗರಿಯ ಕತೆ ಹೇಳಿದೆ. ಈ ಹಕ್ಕಿಗೆ ವಿಜ್ಞಾನದ ಹೆಸರು ಗ್ಯಾಲಸ್ ಸೊನೆರಾಟೀ. ಪಿಯೆರ್ ಸೊನೆರಾ ಎಂಬ ಫ್ರೆಂಚ್ ಪ್ರಕೃತಿತಜ್ಞನ ನೆನಪಿನ ಹೆಸರು ಅದು. ಸಮುದ್ರದಾಚೆ ಬ್ರಿಟನ್ನಿನಲ್ಲಿ ಸಾಲ್ಮನ್ ಮೀನು ಹಿಡಿಯುವ ಶ್ರೀಮಂತರು ಗಾಳಕ್ಕೆ ಹುಳುವಿನ ಬದಲು ಬಣ್ಣದ ಗರಿ ಕಟ್ಟುತ್ತಿದ್ದರು. ಅದಕ್ಕೆ ಅವರಿಗೆ ಎಲ್ಲಕ್ಕಿಂತ ಮೆಚ್ಚು ನಮ್ಮ ಕಾಡುಕೋಳಿಯ ಈ ಕುತ್ತಿಗೆಗರಿ. ನೀರಿನಲ್ಲಿ ಹಳದಿ ಹನಿ ಮೀನಿನ ಕಣ್ಣಿನಂತೆ ಹೊಳೆಯುತ್ತದೆ. ಒಂದು ಗಾಳಕ್ಕೆ ಬೇಕಾದದ್ದು ಒಂದೆರಡು ಗರಿ. ಆದರೆ ಅದು ಹಡಗು ಹತ್ತುತ್ತಿದ್ದುದು ಗರಿಯ ಲೆಕ್ಕದಲ್ಲಲ್ಲ, ಕುತ್ತಿಗೆಯ ಲೆಕ್ಕದಲ್ಲಿ. ಒಂದು ಕುತ್ತಿಗೆ ಎಂದರೆ ಒಂದು ಹುಂಜ. ಯಾರೋ ಮೀನು ಹಿಡಿಯುವುದಕ್ಕೆ ನಮ್ಮ ಕಾಡಿನ ಬೆಳಗಿನ ಕೂಗು ಹೋಗುತ್ತಿತ್ತು.

ಕಾಯ್ದೆ ಬಂದ ಮೇಲೆ ಆ ವ್ಯಾಪಾರಕ್ಕೆ ಬಾಗಿಲು ಮುಚ್ಚಿತು. ಈಗ ಅಲ್ಲಿಯ ಮೀನುಗಾರರು ಅಲ್ಲೇ ಸಾಕಿದ ಕೋಳಿಗಳ ಗರಿ ಬಳಸುತ್ತಾರೆ. ನಮ್ಮ ಕಾಯ್ದೆ ಕಾಡುಪ್ರಾಣಿಯ ಕೊಂಬು, ಉಗುರು, ಮೊಟ್ಟೆ, ಗೂಡಿನ ಜೊತೆಗೆ ಗರಿಯನ್ನೂ ಹೆಸರಿಸಿದೆ. ಏಕೆಂದರೆ ಚೀಲದಲ್ಲಿರುವ ಗರಿ ಬಿದ್ದದ್ದೋ ಕಿತ್ತದ್ದೋ ಎಂದು ಯಾವ ಗಾರ್ಡಿಗೂ ಹೇಳಲು ಬರುವುದಿಲ್ಲ.

"ಮತ್ತೆ ಜಾತ್ರೆಯಲ್ಲಿ ನವಿಲುಗರಿ ಮಾರ್ತಾರಲ್ಲ?" ಎಂದಳು. ಅವಳು ಬಿಡುವವಳಲ್ಲ. ತಾನಾಗಿ ಉದುರಿದ ನವಿಲಿನ ಬಾಲದ ಗರಿಗೆ ಮಾತ್ರ ಕಾಯ್ದೆಯಲ್ಲಿ ವಿನಾಯಿತಿ ಇದೆ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಗರಿಯನ್ನು ನೋಟ್‌ಬುಕ್ಕಿನ ಪುಟದ ಮೇಲಿಟ್ಟು, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಒಳಗೆ ಚುಕ್ಕೆಗಳನ್ನು ಬರೆದು, ಬಾಣ ಹಾಕಿ 'ಇಲ್ಲಿ ಹಳದಿ' ಎಂದು ಗುರುತಿಸಿಕೊಂಡಳು. ಎದ್ದು ಹೋಗಿ, ಸಿಕ್ಕ ಜಾಗದಲ್ಲೇ ಗರಿಯನ್ನು ಇಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ಒಂದು ಒಣ ಎಲೆ ಮುಚ್ಚಿ ಬಂದಳು. ಅವಳ ಕಣ್ಣಿನಲ್ಲಿ ನೀರಿತ್ತು. ನಾನು ನೋಡದಂತೆ ಇದ್ದೆ.

ಮೂರನೆಯ ಬೆಳಗು: ಬೇಡ್ತಿಯ ಕಡೆ

ಯಲ್ಲಾಪುರದ ಹಾದಿಯಲ್ಲಿ ಮುತ್ತುಗ ಹೂ ಉದುರಿಸಿ ರಸ್ತೆಯೆಲ್ಲ ಕೆಂಪು. ಬೇಡ್ತಿ ಹೊಳೆ ಮಾಗೋಡಿನಲ್ಲಿ ಜಲಪಾತವಾಗಿ ಇಳಿದು, ಮುಂದೆ ಗಂಗಾವಳಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತದೆ. ಅಲ್ಲಿಯ ಬಿದಿರುಮೆಳೆಗಳ ಬಳಿ ಕೂತೆವು. ಬಿದಿರು ಹೂಬಿಟ್ಟು ಅಕ್ಕಿ ಉದುರಿಸಿದ ವರ್ಷ ಕಾಡುಕೋಳಿಗಳು ಗುಂಪು ಗುಂಪಾಗಿ ಸೇರುತ್ತವೆ. ನಮ್ಮ ಮೆಳೆ ಹೂಬಿಟ್ಟಿರಲಿಲ್ಲ.

ಅವತ್ತು ಕೂಗು ಹನ್ನೊಂದು! ಒಂದಂತೂ ನಮ್ಮ ಹಿಂದೆಯೇ, ಬಹಳವೆಂದರೆ ಮೂವತ್ತು ಹೆಜ್ಜೆ. ತಿರುಗಿದರೆ ಹಾರಿಹೋಗುತ್ತದೆ, ತಿರುಗದಿದ್ದರೆ ಕಾಣುವುದಿಲ್ಲ. ನಾವು ತಿರುಗಲಿಲ್ಲ. ಬೆನ್ನಿಗೆ ಕಣ್ಣಿದ್ದಿದ್ದರೆ ಎಂದುಕೊಂಡು ಕೂತೇ ಇದ್ದೆವು. ರೆಕ್ಕೆ ಬಡಿದ ಗಾಳಿ ನನ್ನ ಕುತ್ತಿಗೆಗೆ ತಾಗಿದಂತೆ ಅನಿಸಿತು. ಅದು ಬರೀ ಅನಿಸಿಕೆ ಇರಬಹುದು. ಐದು ನಿಮಿಷ ದರಕು ಕೆದಕಿ ಕೆದಕಿ, ಹುಂಜ ತನ್ನ ಪಾಡಿಗೆ ತಾನು ಮೆಳೆಯೊಳಗೆ ಹೋಯಿತು.

ಕೋಳಿಯ ಬದಲಿಗೆ ಉಳಿದವರೆಲ್ಲ ಬಂದರು. ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಹಾರಿ ನಮ್ಮ ಮೇಲೆ ಸಿಪ್ಪೆ ಉದುರಿಸಿತು. ಮಲಬಾರ್ ಬೂದು ಮಂಗಟ್ಟೆಗಳು ಯಾರೋ ಗಹಗಹಿಸಿ ನಕ್ಕಂತೆ ಕೂಗಿದವು. ಕೊನೆಗೆ ಉಗಿಬಂಡಿ ಏರು ಹತ್ತಿದಂತೆ ಭುಸ್ ಭುಸ್ ಎಂಬ ಸದ್ದಿನೊಂದಿಗೆ ಒಂದು ದೊಡ್ಡ ಮಂಗಟ್ಟೆ ನಮ್ಮ ನೆತ್ತಿಯ ಮೇಲೆ ದಾಟಿಹೋಯಿತು. ಒಂಟಿ ಗಂಡು. ಹೆಣ್ಣು ಈ ಹೊತ್ತಿಗೆ ಮರದ ಪೊಟರೆಯೊಳಗೆ ಸೇರಿ, ಬಾಗಿಲಿಗೆ ಗಾರೆ ಮೆತ್ತಿಕೊಂಡು, ಸಣ್ಣ ಸಂದಿಯೊಂದನ್ನೇ ಉಳಿಸಿಕೊಂಡು ಕೂತಿರುತ್ತದೆ. ಗಂಡು ಹಣ್ಣು ತಂದು ಆ ಸಂದಿಯಲ್ಲಿ ಉಣಿಸಬೇಕು.

ಮಂಗಟ್ಟೆ ಹೋದ ದಿಕ್ಕನ್ನೇ ನೋಡುತ್ತ ನಾನು ಮೊಮ್ಮಗಳಿಗೆ ನಮ್ಮ ಜಿಲ್ಲೆಯ ಒಂದು ಮಂಗಟ್ಟೆಯ ಕತೆ ಹೇಳಿದೆ. 1894ರಲ್ಲಿ ಕಾರವಾರದಿಂದ ಮೂರು ತಿಂಗಳ ಒಂದು ಮಂಗಟ್ಟೆ ಮರಿಯನ್ನು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿಕೊಟ್ಟರು. ವಿಲಿಯಂ ಎಂದು ಹೆಸರಿಟ್ಟರು. ಅದು ದೂರದಿಂದ ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಲ್ಲಿ ಹಿಡಿಯುತ್ತಿತ್ತಂತೆ! 1920ರವರೆಗೆ, ಇಪ್ಪತ್ತಾರು ವರ್ಷ, ಸೊಸೈಟಿಯ ಕಚೇರಿಯಲ್ಲೇ ಬಾಳಿತು. ಇವತ್ತಿಗೂ ಆ ಸಂಸ್ಥೆಯ ಲಾಂಛನ ಮಂಗಟ್ಟೆ. ಇದೇ ಕಚೇರಿಗೆ 1908ರ ಸುಮಾರಿಗೆ ಒಬ್ಬ ಹುಡುಗ ಕೈಯಲ್ಲಿ ಸತ್ತ ಗುಬ್ಬಿ ಹಿಡಿದು ಬಂದ. ಏರ್‌ಗನ್ನಿನಿಂದ ತಾನೇ ಹೊಡೆದದ್ದು. ಅದರ ಕುತ್ತಿಗೆ ಹಳದಿ ಇತ್ತು. ಅದು ಯಾವ ಗುಬ್ಬಿ ಎಂದು ತಿಳಿಯಬೇಕಿತ್ತು. ಕಾರ್ಯದರ್ಶಿ ಮಿಲ್ಲಾರ್ಡ್ ಅವನನ್ನು ಗದರದೆ, ಒಳಗೆ ಕರೆದು, ಕಪಾಟು ತೆರೆದು ಹಕ್ಕಿಗಳ ಸಂಗ್ರಹವನ್ನೆಲ್ಲ ತೋರಿಸಿದರು. ಆ ಹುಡುಗನೇ ಮುಂದೆ ಭಾರತದ ಹಕ್ಕಿಗಳಿಗೆಲ್ಲ ಗುರುವಾದ ಸಲೀಂ ಅಲಿ.

"ಹಳದಿ ಕುತ್ತಿಗೆ!" ಎಂದು ಅವಳು ತನ್ನ ನೋಟ್‌ಬುಕ್ಕಿನ ಗರಿಯ ಚಿತ್ರ ತೆಗೆದು ನೋಡಿದಳು.

ಮೂರು ದಿನದ ಲೆಕ್ಕ

ಬರುವ ದಾರಿಯಲ್ಲಿ ಹಂಗಾಮಿನ ಕೊನೆಯ ಆಲೆಮನೆ ಒಂದು ನಡೆಯುತ್ತಿತ್ತು. ಶುಂಠಿ, ಲಿಂಬು ಹಿಂಡಿದ ಕಬ್ಬಿನ ಹಾಲು ಕುಡಿದೆವು. ಬೋರಲು ಮಡಕೆಯ ಮೇಲೆ ಬಟ್ಟೆಯಿಂದ ಎಳೆದ ತೊಡೆದೇವು, ಕಾಗದಕ್ಕಿಂತ ತೆಳ್ಳಗೆ, ಬಾಯಲ್ಲಿಟ್ಟರೆ ಕರಗುವುದು, ಮೂರು ಮೂರು ತಿಂದೆವು. ಅಲ್ಲೇ ಕೂತು ಲೆಕ್ಕ ಮಾಡಿದೆವು. ಕೇಳಿದ ಕೂಗು 21. ಕಂಡ ಕಾಡುಕೋಳಿ 0. ಫೋಟೋ 0. ಬೇರೆ ಹಕ್ಕಿ 38 ಬಗೆ, ಇದು ಮೊಮ್ಮಗಳ ಪಟ್ಟಿ; ನನ್ನದು 29.

ಈ ಒಂಬತ್ತರ ವ್ಯತ್ಯಾಸಕ್ಕೆ ಕಾರಣ ಇದೆ. ಸೂರಕ್ಕಿ, ಹೂಕುಟುಕದಂಥ ಸಣ್ಣ ಹಕ್ಕಿಗಳ ಕೀರಲು ದನಿಯನ್ನು ನನ್ನ ಕಿವಿ ಈಗ ಹಿಡಿಯುವುದಿಲ್ಲ. ಅವಳು ಕೇಳಿಸಿಕೊಂಡು ನನಗೆ ದಿಕ್ಕು ತೋರಿಸುತ್ತಿದ್ದಳು. ನನಗೆ ಆ ಕಡೆ ಎಲೆ ಅಲುಗುವುದು ಮಾತ್ರ ಕಂಡಿತು. ಆದರೆ ಕಾಡುಕೋಳಿಯ ಒರಟು ಕೂಗು ನನಗೆ ಇನ್ನೂ ಚೆನ್ನಾಗಿ ಕೇಳುತ್ತದೆ. ಅದು ಕೇಳುತ್ತಿರುವಾಗಲೇ ಅವಳ ಕಿವಿಗೆ ಒಪ್ಪಿಸಿಬಿಡಬೇಕು ಎಂಬುದೇ ನನ್ನ ಒಳಗಿನ ಆಸೆಯಾಗಿತ್ತು. ನನ್ನ ಅಜ್ಜ ನನಗೆ ಹಾಗೆಯೇ ಒಪ್ಪಿಸಿದ್ದರು. ಕೆಲಸಕ್ಕೆ ಹೊತ್ತಾಯಿತು ಎಂದು ಎಬ್ಬಿಸುವಾಗ "ಕಾಡುಕೋಳಿ ಕೂಗಿತು, ಏಳು" ಎನ್ನುತ್ತಿದ್ದರು. ಆಗ ಮನೆಯೊಳಗೆ ಮಲಗಿದ್ದವರಿಗೂ ಆ ಕೂಗು ಕೇಳುತ್ತಿತ್ತು. ಈಗ ಅದನ್ನು ಕೇಳಲು ಐದು ಗಂಟೆಗೆ ಎದ್ದು ಗಾಡಿ ಹತ್ತಬೇಕು.

ನೋಡಿದ್ದರೆ ಏನಾಗುತ್ತಿತ್ತು? ಒಂದು ಫೋಟೋ, ಮನೆಯವರಿಗೆಲ್ಲ ಕಳಿಸಿ, ಮರುದಿನ ಮರೆತು ಮುಗಿಯುತ್ತಿತ್ತೋ ಏನೋ. ಕಾಣದೆ ಇದ್ದುದರಿಂದ ಮೂರು ದಿನವೂ ನಾವು ಕಿವಿಯಾಗಿ ಕೂತೆವು. ಹೆಜ್ಜೆ ಓದಿದೆವು, ದರಕಿನ ಸದ್ದಿನಲ್ಲಿ ಮುಂಗುಸಿ ಯಾವುದು ಕೋಳಿ ಯಾವುದು ಎಂದು ಕಲಿತೆವು. ಮಾರ್ಗದರ್ಶಿ ಬೇಸರದಿಂದ "ಕೋಳಿ ತೋರಿಸಲಾಗಲಿಲ್ಲ, ಮೂರನೆಯ ದಿನದ ದುಡ್ಡು ಬೇಡ" ಎಂದ. ನಾನು ಪೂರ್ತಿ ಕೊಟ್ಟೆ. ಕೋಳಿ ಅವನ ಕೈಲಿರುವುದಲ್ಲ. ಅವನು ಕೊಟ್ಟದ್ದು ಬೆಳಗು.

ನೀವೂ ಹೋಗುವುದಾದರೆ

ಅಜ್ಜ ಅಜ್ಜಿಯರೇ, ಮಂಡಿ ನೋಯುತ್ತದೆ ಎಂದು ಹೆದರಬೇಡಿ. ಇದರಲ್ಲಿ ನಡೆಯುವುದು ಕಡಿಮೆ, ಕೂರುವುದು ಜಾಸ್ತಿ. ಕೂರುವುದರಲ್ಲಿ ನಾವು ಪಳಗಿದವರು. ಕೂರಲು ಒಂದು ಗೋಣಿ, ಕುಡಿಯಲು ನೀರು, ಜೇನುಹುಳ ಹಾಗೂ ಉಣ್ಣೆಗೆ ಹೆದರಿ ಮೈತುಂಬ ಬಟ್ಟೆ ಇರಲಿ. ಬಟ್ಟೆ ಹಸಿರೋ ಮಣ್ಣಿನ ಬಣ್ಣದ್ದೋ ಆಗಲಿ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಕಾಲಿಡಬೇಡಿ. ಕಾಡಂಚಿನ ಊರ ರಸ್ತೆಯೇ ಸಾಕು. ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ಶ್ರಮಕ್ಕೆ ಸರಿಯಾದ ಹಣ ಕೊಡಿ.

ಮಕ್ಕಳೇ, ನೋಟ್‌ಬುಕ್ ಮತ್ತು ಪೆನ್ಸಿಲ್ ಮರೆಯಬೇಡಿ. ಕೂಗು ಕೇಳಿದ ಹೊತ್ತು, ದಿಕ್ಕು ಬರೆದಿಡಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಬೇಡಿ. ದರಕಿನ ನಡುವೆ ತಗ್ಗಿನಲ್ಲಿ ನಾಲ್ಕೈದು ಮಾಸಲು ಬಿಳಿ ಮೊಟ್ಟೆ ಕಂಡರೆ ಮುಟ್ಟದೆ, ಫೋಟೋ ತೆಗೆಯದೆ, ಬಂದ ಹಾದಿಯಲ್ಲೇ ಹಿಂದೆ ಹೋಗಿ. ಹೇಂಟೆ ಸುಮಾರು 21 ದಿನ ಕಾವು ಕೂರಬೇಕು, ಊರಕೋಳಿಯಂತೆಯೇ. ಗರಿ ಸಿಕ್ಕರೆ ಚಿತ್ರ ಬರೆದುಕೊಂಡು ಅಲ್ಲೇ ಬಿಡಿ.

ಮತ್ತೆ ಬೆಳಗಿನ ಜಾವ ಇಳಿಜಾರಿನಿಂದ ಯಾರಾದರೂ 'ಯಾಕ್ ಕಾಯ್ತಾ ಕೂತೆ' ಎಂದು ಕೇಳಿದರೆ, ಉತ್ತರ ಕೊಡುವ ಗೋಜಿಗೆ ಹೋಗಬೇಡಿ. ಸುಮ್ಮನೆ ಇನ್ನಷ್ಟು ಹೊತ್ತು ಕೂತಿರಿ.